ಎರಡು ಗಾಡಿಗಳ ಪರ್ಮಿಟ್ಟು

ಡ್ಯಾನ್‌ವಿಲ್
ಮೇ 12, 2024

ಕೇದಾರನಿಗೆ,

ಫೋನು ಮಾಡಬಹುದಿತ್ತು. ಮಾಡಿದರೆ ನೀನು ಎತ್ತುತ್ತೀಯೋ ಇಲ್ಲವೋ ಗೊತ್ತಿಲ್ಲ. ಎತ್ತಿಬಿಟ್ಟರೆ ಏನು ಮಾತಾಡಬೇಕು ಅನ್ನುವುದಂತೂ ಖಂಡಿತ ಗೊತ್ತಿಲ್ಲ. ಮೆಸೇಜು ಕಳಿಸಿ, ನೀನು ನೋಡಿದೆಯಾ ಇಲ್ಲವಾ ಎಂದು ಪರದೆ ದಿಟ್ಟಿಸುತ್ತಾ ಕೂರುವ ವಯಸ್ಸು ನನ್ನದಲ್ಲ. ಆದ್ದರಿಂದ ಕಾಗದ. ಸ್ಟ್ಯಾಂಪಿಗಾಗಿ ಮನೆಯ ಎಲ್ಲ ಡ್ರಾಯರು ತಡಕಾಡಿದೆ. ಸಿಕ್ಕಿದ್ದು ಕ್ರಿಸ್‌ಮಸ್ ಸ್ಟ್ಯಾಂಪು. ಮೇ ತಿಂಗಳಲ್ಲಿ ಇದೇನು ಎಂದುಕೊಳ್ಳಬೇಡ.

ನಿನಗೂ ನನ್ನ ತಂಗಿ ರಮಾಳಿಗೂ ಡಿವೋರ್ಸ್ ಆಗಿ ಐದು ವರ್ಷವಾಯಿತು. ಆಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಅವಳ ಅಣ್ಣನಾಗಿ ಬರೆಯುತ್ತಿಲ್ಲ, ಹಾಗಾಗಿ ಅವಳ ವಿಷಯ ಇದರಲ್ಲಿ ಬರುವುದಿಲ್ಲ. ವಿಷಯ ಯೂಟಾ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಪಾರ್ಕಿನವರು ವೈಟ್ ರಿಮ್ ರಸ್ತೆಗೆ ಶರತ್ಕಾಲದ ಪರ್ಮಿಟ್ಟು ಬಿಟ್ಟರು. ಅಭ್ಯಾಸಬಲ, ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಬುಕ್ ಮಾಡುವ ಉದ್ದೇಶವೇನೂ ಇರಲಿಲ್ಲ. ನೋಡಿದರೆ ಅಕ್ಟೋಬರ್ ಎರಡನೆಯ ವಾರಕ್ಕೆ ಮರ್ಫಿ ಗುಡ್ಡದ ನೆತ್ತಿಯ ಮೇಲೆ ಟೆಂಟು ಹಾಕುವ ಜಾಗ ಖಾಲಿ ಇತ್ತು. ಮಾರನೆಯ ರಾತ್ರಿಗೆ ಗ್ರೀನ್ ನದಿಯ ದಂಡೆಯಲ್ಲಿ ಇನ್ನೊಂದು. ನಾವು ಅಷ್ಟು ವರ್ಷ ಒದ್ದಾಡಿದರೂ ಕೈಗೆ ಸಿಗದಿದ್ದ ಜೋಡಿ. ಒತ್ತಿಬಿಟ್ಟೆ.

ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ. ನೂರು ಮೈಲಿ ಕೆಂಪು ಬಂಡೆಯ ನಾಡು. ಡಾಂಬರಿಲ್ಲ, ಪೆಟ್ರೋಲಿಲ್ಲ, ಕುಡಿಯುವ ನೀರಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಒಂದು ಕಡೆ ಎದ್ದು ನಿಂತ ಬಂಡೆ, ಇನ್ನೊಂದು ಕಡೆ ಕಣಿವೆ. ಒಂಟಿ ಗಾಡಿಯಲ್ಲಿ ಮರುಭೂಮಿಗೆ ಇಳಿಯಬಾರದು ಎಂಬುದು ನಾವು ಮೊದಲ ವರ್ಷವೇ ಮಾಡಿಕೊಂಡ ನಿಯಮ. ನನ್ನ ಟೊಯೋಟಾ ಇದೆ. ಇನ್ನೊಂದು ಗಾಡಿ ಬೇಕು.

ಬೇರೆಯವರನ್ನು ಯೋಚಿಸಲಿಲ್ಲ ಅಂತಲ್ಲ. ಓಕ್ಲ್ಯಾಂಡ್ ಬಂದರಿನಲ್ಲಿ ನನ್ನ ಜೊತೆ ಕ್ರೇನು ತಪಾಸಣೆ ಮಾಡುವ ಜಯರಾಮನ ಹತ್ತಿರ ಭಾರೀ ಗಾಡಿ ಇದೆ. ಆದರೆ ಅದು ಇದುವರೆಗೆ ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿಗಿಂತ ಒರಟಾದ ನೆಲ ಮುಟ್ಟಿಲ್ಲ. ಅವನೂ ಅಷ್ಟೇ.

ನಿನ್ನ ಜೀಪು ಇನ್ನೂ ಇದೆಯೇ? ಬರುತ್ತೀಯಾ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು, ಕಾರಣ ಬೇಡ.

ತಿರುಮಲೇಶ

*

ರೆಡ್‌ವುಡ್ ಸಿಟಿ
ಜೂನ್ 2, 2024

ತಿರುಮಲೇಶ ಅವರಿಗೆ,

ಮೊದಲು 'ಭಾವ' ಎಂದೇ ಬರೆದಿದ್ದೆ, ಆಮೇಲೆ ಹೊಸ ಹಾಳೆ ತೆಗೆದುಕೊಂಡೆ. ಹೆಂಡತಿಯ ಅಣ್ಣನಿಗೆ ಭಾವ ಅನ್ನುತ್ತಾರೆ. ಹೆಂಡತಿಯೇ ಹೆಂಡತಿಯಲ್ಲ ಎಂದಾದ ಮೇಲೆ ಅವಳ ಅಣ್ಣನನ್ನು ಏನು ಅನ್ನಬೇಕು ಎಂದು ನಮ್ಮ ಧಾರವಾಡದ ಕಡೆ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಜೀಪು ಇದೆ. ಮಗಳು ನಿಹಾರಿಕಾ ಡೇವಿಸ್ ಊರಿನ ಕಾಲೇಜಿನಿಂದ ಬಂದಾಗ ಗೆಳತಿಯರನ್ನು ತುಂಬಿಕೊಂಡು ಬೀಚಿಗೆ ಒಯ್ಯುತ್ತಾಳೆ. ಒಳಗೆಲ್ಲ ಮರಳು. ಅದು ಕಂಡಿರುವ ಮರುಭೂಮಿ ಸದ್ಯಕ್ಕೆ ಅಷ್ಟೇ.

ಕಾರಣ ಬೇಡ ಎಂದು ಬರೆದಿದ್ದೀರಿ. ನನಗೆ ಬೇಕು. ಐದು ವರ್ಷದ ಹಿಂದೆ ಗಣೇಶನ ಹಬ್ಬದ ಹಿಂದಿನ ದಿನ ನೀವು ಫೋನಿನಲ್ಲಿ ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ. "ಕೇದಾರ, ಸ್ವಲ್ಪ ದಿನ ಮನೆ ಕಡೆ ಬರೋದು ಬೇಡ ಕಣೋ. ರಮಾಗೆ ಕಷ್ಟ ಆಗತ್ತೆ." ನಾನು "ಆತು ಬಿಡ್ರಿ" ಅಂದೆ. ಸ್ವಲ್ಪ ದಿನ ಅಂದರೆ ಎಷ್ಟು ಎಂದು ಕೇಳಲಿಲ್ಲ. ನಡುವೆ ಕೋವಿಡ್ ಬಂತು, ಹೋಯಿತು. ಬದುಕಿದ್ದೀಯಾ ಎಂದು ಕೇಳಲೂ ನಿಮ್ಮ ಫೋನು ಬರಲಿಲ್ಲ.

ರಮಾ ಬೇಡ ಅಂದಳು, ನೀವು ಅವಳ ಮಾತು ಕೇಳಿದಿರಿ. ಅಣ್ಣನಾದವನು ಹಾಗೇ ಮಾಡಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಈಗ ಏನು ಬದಲಾಗಿದೆ? ಅವಳಿಗೆ ಇದು ಗೊತ್ತಿದೆಯೇ? ಅಂದು ಬೇಡ ಅಂದವಳು ಇಂದು ಆಗಲಿ ಅಂದಿದ್ದಾಳೆಯೇ?

ಜೀಪು ಇದೆ ಎಂದಷ್ಟೇ ಹೇಳಿದ್ದೇನೆ, ಬರುತ್ತೇನೆ ಎಂದಿಲ್ಲ. ಅದಿರಲಿ, ಮರ್ಫಿ ಗುಡ್ಡದ ಜಾಗ ನಿಜವಾಗಿಯೂ ಸಿಕ್ಕಿತೇ?

ಕೇದಾರ

*

ಡ್ಯಾನ್‌ವಿಲ್
ಜೂನ್ 23, 2024

ಕೇದಾರನಿಗೆ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸಿಕ್ಕಿದೆ. ನೆತ್ತಿಯ ಮೇಲಿನ ಮೂರರಲ್ಲಿ ಪಡುವಣ ದಿಕ್ಕಿಗಿರುವುದು. ಸಂಜೆ ಕುರ್ಚಿ ಹಾಕಿಕೊಂಡು ಕೂತರೆ ಕಾಲ ಕೆಳಗೆ ಬರೀ ಬಂಡೆ, ಒಂದರ ಕೆಳಗೊಂದು ಮೆಟ್ಟಿಲು ಮೆಟ್ಟಿಲಾಗಿ ನದಿಯವರೆಗೆ. ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ, ಆದರೆ ನೂರು ಸಲ ನೋಡಿದ್ದೇನೆ.

ದಾರಿ ಹೀಗೆ ಯೋಚಿಸಿದ್ದೇನೆ. ರೀನೊ ಮೇಲೆ ಹೋಗಿ ಎಲ್ಕೊದಲ್ಲಿ ಒಂದು ರಾತ್ರಿ. ಮಾರನೆಯ ದಿನ ಮೋಆಬ್, ಅಲ್ಲಿ ಟ್ಯಾಂಕು ತುಂಬಿಸಿ ನೀರು ಹಿಡಿದುಕೊಳ್ಳುವುದು. ಬೆಳಿಗ್ಗೆ ತಂಪಿನಲ್ಲಿ ಶೇಫರ್ ಇಳಿಜಾರು. ಆ ಹಾವು ಸುತ್ತಿನಲ್ಲಿ ಎದುರಿಗೆ ಗಾಡಿ ಬಂದರೆ ಏರುವವನಿಗೆ ದಾರಿ ಬಿಡಬೇಕು, ಅಂದರೆ ಹಿಂದಕ್ಕೆ ಹೋಗಬೇಕಾದವರು ನಾವು. ಬೇಗ ಹೊರಟರೆ ಆ ತಾಪತ್ರಯ ಇರದು. ಮೊದಲ ದಿನ ಮರ್ಫಿ, ಎರಡನೆಯ ದಿನ ನದಿ ದಂಡೆ. ಸೆಪ್ಟೆಂಬರಿನಲ್ಲಿ ಮಳೆ ಜಾಸ್ತಿಯಾದರೆ ನದಿ ಪಕ್ಕದ ರಸ್ತೆ ಕೆಸರು ಗದ್ದೆ. ಅದನ್ನು ಆಗ ನೋಡೋಣ. ಒಲೆ ಇದೆ, ಬೆಂಕಿ ಹಾಕುವಂತಿಲ್ಲ. ಇನ್ನೊಂದು ವಿಷಯ ಬರೆಯಲು ಸಂಕೋಚ, ಆದರೂ ನಿಯಮ ನಿಯಮ. ಶೌಚದ ಚೀಲವನ್ನೂ ನಾವೇ ಹೊತ್ತು ಹೊರಗೆ ತರಬೇಕು.

ಊಟಕ್ಕೆ ಪುಳಿಯೋಗರೆ ಗೊಜ್ಜು ನನ್ನ ಜವಾಬ್ದಾರಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ನಿನ್ನದು. ಮರುಭೂಮಿಯಲ್ಲಿ ಕೆಡದ ಊಟ ಅಂದರೆ ಅದೊಂದೇ ಎಂದು ಮೊಹಾವಿಯಲ್ಲಿ ನನ್ನ ಬ್ರೆಡ್ಡಿಗೆ ಬೂಷ್ಟು ಬಂದಾಗ ನೀನು ಗಂಟೆಗಟ್ಟಲೆ ಭಾಷಣ ಮಾಡಿದ್ದೆ. ನಿನ್ನ ಜೀಪಿನಲ್ಲಿ ನಕ್ಷೆ ಹಿಡಿದು ಕೂತಿದ್ದ ರಮಾ ನಡುವೆ ಎರಡು ಸಲ ನಿನ್ನ ಬಾಯಿ ಮುಚ್ಚಿಸಲು ನೋಡಿದಳು.

ರಮಾಳ ವಿಷಯ ಬರುವುದಿಲ್ಲ ಎಂದಿದ್ದೆ, ಬಂತು. ಅವಳಿಗೆ ಹೇಳಿಲ್ಲ. ಆಸ್ಪತ್ರೆಯ ಡ್ಯೂಟಿ ಇಲ್ಲದ ಭಾನುವಾರ ಓಕ್ಲ್ಯಾಂಡಿನಿಂದ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಎದುರು ಕೂತಾಗ ಮಾತು ನಾಲಿಗೆ ತುದಿವರೆಗೆ ಬರುತ್ತದೆ. ಅಷ್ಟರಲ್ಲಿ ಅವಳು "ಅಣ್ಣ, ಇನ್ನೊಂದು ಸೌಟು ಸಾರು" ಅನ್ನುತ್ತಾಳೆ. ಬಡಿಸುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಹೆಂಡತಿಗೂ ನಿಜ ಹೇಳಿಲ್ಲ, ಭುವನಾಗೆ ಜಯರಾಮನ ಜೊತೆ ಹೋಗುತ್ತಿದ್ದೇನೆ ಎಂದು ಹೇಳಿದ್ದೇನೆ.

ಜೀಪಿನ ನಂಬರು ಕಳಿಸು. ಪರ್ಮಿಟ್ಟಿನಲ್ಲಿ ಸೇರಿಸಬೇಕು.

ತಿರುಮಲೇಶ

*

ರೆಡ್‌ವುಡ್ ಸಿಟಿ
ಜುಲೈ 14, 2024

ತಿರುಮಲೇಶ ಅವರಿಗೆ,

ಏನು ಬದಲಾಗಿದೆ ಎಂಬ ನನ್ನ ಪ್ರಶ್ನೆಗೆ ಶೇಫರ್ ಇಳಿಜಾರಿನ ವಿವರ ಬಂದಿದೆ. ವಿವರ ಚೆನ್ನಾಗಿದೆ.

ನಮ್ಮ ಇನ್ನೊಂದು ನಿಯಮ ನಿಮಗೆ ನೆನಪಿರಬೇಕು, ಮಾಡಿದವರು ನೀವೇ. ಮುಂದಿನ ಗಾಡಿ ತಿರುವಿನಲ್ಲಿ ನಿಲ್ಲಬೇಕು. ಕನ್ನಡಿಯಲ್ಲಿ ಹಿಂದಿನ ಗಾಡಿಯ ಧೂಳು ಕಂಡ ಮೇಲೆಯೇ ತಿರುವು ದಾಟಬೇಕು. ಡೆತ್ ವ್ಯಾಲಿಯಲ್ಲಿ ನನ್ನ ಟೈರು ಸೀಳಿಹೋದಾಗ ನೀವು ಹಾಗೆ ನಿಂತಿದ್ದಕ್ಕೇ ನಾವು ಉಳಿದೆವು. ನಾನು, ರಮಾ, ಹಿಂದಿನ ಸೀಟಿನಲ್ಲಿ ಜ್ವರ ಬಂದು ಮಲಗಿದ್ದ ನಿಹಾರಿಕಾ. ನೀವು ಗಾಡಿ ತಿರುಗಿಸಿಕೊಂಡು ಬಂದು "ಎಷ್ಟು ಹೊತ್ತು ಕಾಯಿಸ್ತೀಯೋ?" ಎಂದು ಬೈದಿರಿ. ಆ ಬೈಗುಳಕ್ಕೆ ನನಗೆ ಅಳುವೇ ಬಂದುಬಿಟ್ಟಿತ್ತು, ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ.

ಐದು ವರ್ಷದ ಹಿಂದೆ ನಾನು ನಿಂತುಹೋದೆ. ನೀವು ಕನ್ನಡಿ ನೋಡದೆ ತಿರುವು ದಾಟಿದಿರಿ. ಬಹಳ ನೋವಾಯಿತು. ನನಗೆ ಇಲ್ಲಿ ಅಣ್ಣ ತಮ್ಮ ಅಂತ ಬೇರೆ ಯಾರಿದ್ದರು?

ಇದನ್ನು ಬರೆದಾಯಿತು. ಇನ್ನು ನೀರಿನ ವಿಷಯ. ನೀವು ಯಾವಾಗಲೂ ಕಡಿಮೆ ಒಯ್ಯುತ್ತೀರಿ, ಆಮೇಲೆ ನನ್ನ ಕ್ಯಾನಿಗೆ ಕೈ ಹಾಕುತ್ತೀರಿ. ಈ ಸಲ ನಿಮ್ಮ ನೀರು ನಿಮ್ಮದು. ನನ್ನ ಟೈರು ನಾಲ್ಕೂ ಹೊಸದು ಹಾಕಿಸುತ್ತಿದ್ದೇನೆ. ಬಂಡೆಯ ಮೇಲೆ ಗಾಳಿ ಇಳಿಸಿ ಓಡಿಸಬೇಕಾದ್ದರಿಂದ ಮತ್ತೆ ತುಂಬಲು ಪಂಪು ನಾನು ತರುತ್ತೇನೆ. ನಿಮ್ಮದು ಆಗಲೇ ಕೆಮ್ಮುತ್ತಿತ್ತು.

ನಿಹಾರಿಕಾಗೆ ವಿಷಯ ಹೇಳಿದೆ. ಅಮ್ಮನಿಗೆ ಹೇಳಬೇಡ ಅಂದೆ. ಅವಳು ನಕ್ಕು, "ಅಪ್ಪ, ಇಟ್ಸ್ ಎ ರೋಡ್ ಟ್ರಿಪ್, ನಾಟ್ ಎ ಕಸ್ಟಡಿ ಹಿಯರಿಂಗ್" ಅಂದಳು. ಆಮೇಲೆ, "ಮಾಮ ಚೆನ್ನಾಗಿದಾರಾ?" ಎಂದು ಕನ್ನಡದಲ್ಲಿ ಕೇಳಿದಳು.

ಮೋಆಬಿಗೆ ಹೋಗುವ ಮುಂಚೆ ಒಂದು ಶನಿವಾರ ಹಾಲಿಸ್ಟರ್ ಗುಡ್ಡದಲ್ಲಿ ಎರಡೂ ಗಾಡಿ ಓಡಿಸಿ ನೋಡಬೇಕು. ದಿನ ತಿಳಿಸಿ. ಜೀಪಿನ ನಂಬರು ಬೇರೆ ಚೀಟಿಯಲ್ಲಿದೆ.

ಬರುತ್ತೇನೆ.

ಕೇದಾರ

*

ಡ್ಯಾನ್‌ವಿಲ್
ಆಗಸ್ಟ್ 11, 2024

ಕೇದಾರನಿಗೆ,

ನೀನು ಬರೆದದ್ದನ್ನು ಓದಿದೆ. ಎರಡನೆಯ ಸಲವೂ ಓದಿದೆ. ನೀರು ಈ ಸಲ ಸಾಕಷ್ಟು ತರುತ್ತೇನೆ.

ಜೀಪಿನ ನಂಬರು ಪರ್ಮಿಟ್ಟಿಗೆ ಸೇರಿಸಿದ್ದೇನೆ. ಹಾಲಿಸ್ಟರ್ ಬೇಡ, ನೇರವಾಗಿ ಅಕ್ಟೋಬರಿನಲ್ಲಿ ರೀನೊದ ಪೆಟ್ರೋಲ್ ಬಂಕಿನಲ್ಲಿ ಸಿಗೋಣ. ಹಾಲಿಸ್ಟರಿನಲ್ಲಿ ಸಿಕ್ಕರೆ ಗಾಡಿ ಓಡಿಸಿ ಆದ ಮೇಲೆ ಎಲ್ಲಾದರೂ ಕಾಫಿಗೆ ಕೂರಬೇಕಾಗುತ್ತದೆ. ಎದುರುಬದುರು ಕೂತರೆ ಮಾತಾಡಬೇಕಾಗುತ್ತದೆ. ಯೂಟಾದಲ್ಲಿ ಆ ತೊಂದರೆ ಇಲ್ಲ, ನೀನು ನಿನ್ನ ಗಾಡಿಯಲ್ಲಿ, ನಾನು ನನ್ನ ಗಾಡಿಯಲ್ಲಿ. ಮೂರು ದಿನ ಕಳೆಯುವ ಹೊತ್ತಿಗೆ ಅಭ್ಯಾಸವಾಗಿರುತ್ತದೆ.

ಭುವನಾ ಮೊನ್ನೆ ಟಪಾಲು ಡಬ್ಬಿಯಿಂದ ನಿನ್ನ ಕಾಗದ ತಂದು ಕೈಗೆ ಕೊಟ್ಟಳು. "ಅಲ್ಲಾ ರೀ, ಈ ಜಯರಾಮ್ ದಿನಾ ಆಫೀಸಲ್ಲೇ ಸಿಗ್ತಾರಲ್ವಾ? ರೆಡ್‌ವುಡ್ ಸಿಟಿಯಿಂದ ಕನ್ನಡದಲ್ಲಿ ಯಾಕೆ ಕಾಗದ ಬರೀತಾರೆ?" ಅಂದಳು. ನಾನು ಕಾಗದ ಜೇಬಿಗೆ ಹಾಕಿಕೊಂಡೆ. ಅವಳು ಒಳಗೆ ಹೋಗಿ ಕುಕ್ಕರ್ ಇಟ್ಟು ಬಂದು, "ಆ ಜಯರಾಮ್‌ಗೆ ನನ್ನ ಕಡೆಯಿಂದಲೂ ಎರಡು ಡಬ್ಬಿ ಚಕ್ಕುಲಿ ತಗೊಂಡ್ಹೋಗಿ. ಬೆಣ್ಣೆ ಮುರುಕು ಅವ್ರಿಗೆ ಆಗಲ್ಲ" ಅಂದಳು. ಬೆಣ್ಣೆ ಮುರುಕು ಯಾರಿಗೆ ಆಗುವುದಿಲ್ಲ ಎಂದು ನಿನಗೂ ಗೊತ್ತು.

ಒಂದು ಮಾತು ಹೇಳಿಬಿಡುತ್ತೇನೆ. ಈ ಐದು ವರ್ಷದಲ್ಲಿ ನಾನು ಯಾರ ಜೊತೆಗೂ ಸರಿಯಾಗಿ ಜಗಳ ಆಡಿಲ್ಲ. ಆಫೀಸಿನಲ್ಲಿ ಎಲ್ಲರೂ ನನ್ನ ಮಾತಿಗೆ ತಲೆಯಾಡಿಸುತ್ತಾರೆ, ಮನೆಯಲ್ಲಿ ನಾನು ತಲೆಯಾಡಿಸುತ್ತೇನೆ. ನಿನ್ನ ನೆನಪು ಬಹಳ ಆಗುತ್ತದೆ.

ತಿರುಮಲೇಶ

*

ಡ್ಯಾನ್‌ವಿಲ್
ಸೆಪ್ಟೆಂಬರ್ 2, 2024

ಕೇದಾರನಿಗೆ,

ಒಂದು ಎಡವಟ್ಟಾಗಿದೆ. ಸುತ್ತಿ ಬಳಸಿ ಬರೆಯುವುದಿಲ್ಲ.

ಇವತ್ತು ರಜೆ, ಪರ್ಮಿಟ್ಟು ಪ್ರಿಂಟ್ ತೆಗೆಯಲು ಕೂತೆ. ಮೇಲೆ ಪರ್ಮಿಟ್ಟುದಾರರ ಹೆಸರು ಅಂತ ಇದೆ. ಅಲ್ಲಿ ರಮಾಳ ಹೆಸರಿದೆ.

ಹೇಗಾಯಿತು ಎಂದು ನಿನಗೆ ಹೇಳಬೇಕಿಲ್ಲ. ಪಾರ್ಕಿನ ವೆಬ್‌ಸೈಟಿನಲ್ಲಿ ಖಾತೆ ತೆರೆದವಳು ಅವಳು. ನೀನು ಮೀಟಿಂಗಿನಲ್ಲಿ, ನಾನು ಕ್ರೇನಿನ ಮೇಲೆ, ಪ್ರತಿವರ್ಷ ಬುಕ್ ಮಾಡುತ್ತಿದ್ದವಳು ಅವಳೇ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಖಾತೆ ಹಾಗೇ ತೆರೆದುಕೊಂಡಿರುತ್ತದೆ. ಮೇ ತಿಂಗಳಲ್ಲಿ ನಾನು ಜಾಗ ನೋಡಿದೆ, ಹೆಸರು ನೋಡಲಿಲ್ಲ. ಪರ್ಮಿಟ್ಟುದಾರರು ಗುಂಪಿನ ಜೊತೆಗಿರಬೇಕು, ಗುರುತಿನ ಚೀಟಿ ತೋರಿಸಬೇಕು. ಹೆಸರು ಬದಲಿಸುವಂತಿಲ್ಲ. ಪಾರ್ಕಿಗೆ ಫೋನು ಮಾಡಿದೆ. ಅಲ್ಲಿಯ ಹುಡುಗಿ ಬಹಳ ಸಮಾಧಾನದಿಂದ ಅದನ್ನೇ ಇನ್ನೊಮ್ಮೆ ಓದಿ ಹೇಳಿದಳು.

ಇನ್ನೂ ಇದೆ. ಆ ಖಾತೆಯ ಇಮೇಲೆಲ್ಲ ಅವಳಿಗೇ ಹೋಗುತ್ತದೆ. ನಾನು ಬುಕ್ ಮಾಡಿದ್ದು ಅವಳಿಗೆ ಮೇ ತಿಂಗಳಿಂದ ಗೊತ್ತಿದೆ. ಕಳೆದ ತಿಂಗಳು ನಿನ್ನ ಜೀಪಿನ ನಂಬರು ಸೇರಿಸಿದ್ದೂ ಗೊತ್ತಿರಬೇಕು. ಆ ನಂಬರು ಅವಳಿಗೆ ನಿನಗಿಂತ ಚೆನ್ನಾಗಿ ನೆನಪಿರುತ್ತದೆ. ಇಷ್ಟು ಭಾನುವಾರ ಬಂದಿದ್ದಾಳೆ, ಸಾರು ಬಡಿಸಿಕೊಂಡಿದ್ದಾಳೆ, ಒಂದು ಮಾತು ಕೇಳಿಲ್ಲ.

ಏನು ಮಾಡೋಣ ಹೇಳು.

ತಿರುಮಲೇಶ

*

ರೆಡ್‌ವುಡ್ ಸಿಟಿ
ಸೆಪ್ಟೆಂಬರ್ 8, 2024

ತಿರುಮಲೇಶ ಅವರಿಗೆ,

ಕ್ರೇನಿನ ಒಂದೊಂದು ಬೋಲ್ಟಿಗೂ ಸಹಿ ಹಾಕುವ ಮನುಷ್ಯ ಹೆಸರು ನೋಡದೆ ಬುಕ್ ಮಾಡಿದೆ ಅಂದರೆ ಯಾರು ನಂಬುತ್ತಾರೆ?

ನಮ್ಮ ಕನ್ನಡ ಕೂಟದ ಹಿರಿಯರ ಈ ಆಟ ನಾನು ನೋಡಿದ್ದೇನೆ. ಡಿವೋರ್ಸ್ ಆದ ಮಾರನೆಯ ವರ್ಷ ಸಾನ್ ರಮೋನ್‌ನ ದೇವೇಂದ್ರಪ್ಪನವರು ಸತ್ಯನಾರಾಯಣ ಪೂಜೆ ಎಂದು ಕರೆದರು. ಹೋದರೆ ಎಲೆ ಹಾಕಿದ್ದರು, ಪಕ್ಕದ ಎಲೆಗೆ ರಮಾಳನ್ನು ಕೂರಿಸಿದ್ದರು. ಇಬ್ಬರೂ ತಲೆ ತಗ್ಗಿಸಿಕೊಂಡು ಪ್ರಸಾದ ತಿಂದು ಎದ್ದೆವು. ದೇವೇಂದ್ರಪ್ಪನವರು ಬಾಗಿಲವರೆಗೆ ಬಂದು "ಯೋಚನೆ ಮಾಡ್ರಿ, ಇನ್ನೂ ವಯಸ್ಸದ" ಅಂದರು. ನೀವು ಬಾಳೆ ಎಲೆಯ ಬದಲು ಬಂಡೆ ಹುಡುಕಿದ್ದೀರಿ.

ನಿನ್ನೆ ಹಬ್ಬ. ಈ ವರ್ಷ ಕಡುಬು ಮಾಡೋಣ ಎಂದು ಹೂರಣಕ್ಕೆ ಬೇಳೆ ನೆನೆಹಾಕಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅದನ್ನು ಸಾರು ಮಾಡಿಬಿಟ್ಟೆ.

ನಾನು ಬರುವುದಿಲ್ಲ. ಇದು ನಿಮ್ಮ ಹಂಚಿಕೆಯಾಗಿರದಿದ್ದರೂ ಬರುವುದಿಲ್ಲ. ನನ್ನ ಮುಖ ನೋಡುವುದು ಕಷ್ಟ ಎಂದು ಅವಳು ಹೇಳಿದಳು, ಐದು ವರ್ಷ ನಾನು ಆ ಮಾತು ಉಳಿಸಿಕೊಂಡಿದ್ದೇನೆ. ಈಗ ಅವಳದೇ ಪರ್ಮಿಟ್ಟಿನಲ್ಲಿ ಹೋಗಿ ಎದುರು ನಿಲ್ಲುವಷ್ಟು ನಾಚಿಕೆ ಬಿಟ್ಟಿಲ್ಲ.

ಕಟಕ್ ರೊಟ್ಟಿ ಆಗಲೇ ಮಾಡಿಸಿದ್ದೆ. ಭುವನಾ ವೈನಿಗೆ ಕಳಿಸುತ್ತೇನೆ.

ಕೇದಾರ

*

ಡ್ಯಾನ್‌ವಿಲ್
ಸೆಪ್ಟೆಂಬರ್ 15, 2024

ರಮಾ,

ಈಗಷ್ಟೇ ಊಟ ಮುಗಿಸಿ ಹೋದೆ. ನಿನ್ನ ಕಾರು ಬೀದಿಯ ಕೊನೆ ಮುಟ್ಟಿರಲಿಕ್ಕಿಲ್ಲ, ನಾನು ಬರೆಯಲು ಕೂತಿದ್ದೇನೆ. ಎದುರಿಗಿದ್ದಾಗ ಬಾಯಿ ಬರಲಿಲ್ಲ.

ನಿನಗೆ ಎಲ್ಲ ಗೊತ್ತಿದೆ ಎಂದು ನನಗೆ ಗೊತ್ತಾಗಿದೆ. ನಿನ್ನ ಖಾತೆಯಿಂದ ಬುಕ್ ಮಾಡಿದ್ದು ಅಜಾಗರೂಕತೆಯಿಂದ. ಕೇದಾರ ನಂಬುತ್ತಿಲ್ಲ. ನಿಮ್ಮಿಬ್ಬರನ್ನು ಮತ್ತೆ ಸೇರಿಸಲು ನಾನು ಹೂಡಿದ ಆಟ ಅಂದುಕೊಂಡಿದ್ದಾನೆ, ಬರುವುದಿಲ್ಲ ಎಂದು ಬರೆದಿದ್ದಾನೆ. ನನಗೆ ಅಂಥ ಬುದ್ಧಿ ಇಲ್ಲ ಎಂದು ನಿನಗಾದರೂ ಗೊತ್ತು.

ನಿನ್ನಲ್ಲಿ ಕೇಳುವುದು ಇಷ್ಟೇ. ನೀನು ನನ್ನ ಗಾಡಿಯಲ್ಲಿ ಬಾ. ಅವನು ಅವನ ಗಾಡಿಯಲ್ಲಿರುತ್ತಾನೆ. ನಿನ್ನ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು ನನ್ನ ಹೊಣೆ. ನೀನು ಒಪ್ಪಿದ್ದೀಯ ಎಂದು ಗೊತ್ತಾದರೆ ಅವನೂ ಬರಬಹುದು. ಐದು ವರ್ಷ ನಿನಗೋಸ್ಕರ ನಾನು ಅವನ ಮುಖ ನೋಡಿಲ್ಲ, ಇದೊಂದು ಸಲ ನನಗೋಸ್ಕರ ನೀನು ಒಪ್ಪಿಕೋ. ಆಗುವುದಿಲ್ಲ ಅಂದರೂ ಸರಿಯೇ. ಆದರೆ ಸುಮ್ಮನೆ ಮಾತ್ರ ಇರಬೇಡ.

ಅಣ್ಣ

*

ಓಕ್ಲ್ಯಾಂಡ್
ಸೆಪ್ಟೆಂಬರ್ 21, 2024

ಅಣ್ಣ,

ನಿನ್ನ ಕಾಗದದಲ್ಲಿ ಒಂದು ವಾಕ್ಯದ ಮೇಲೆ ಮೂರು ದಿನ ಕೂತಿದ್ದೇನೆ. ಐದು ವರ್ಷ ನಿನಗೋಸ್ಕರ ಅವನ ಮುಖ ನೋಡಿಲ್ಲ ಎಂದು ಬರೆದಿದ್ದೀಯ. ನಾನು ಯಾವತ್ತು ಕೇಳಿದೆ?

ಆ ವರ್ಷ ಗೌರಿ ಹಬ್ಬಕ್ಕೆ ಮುಂಚೆ ನಿಮ್ಮ ಮನೆಯ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ. ನೀನು ಬಂದು ನಿಂತು, "ಕೇದಾರನ್ನ ಈ ಸಲ ಬರಬೇಡ ಅಂದ್ಬಿಡ್ಲಾ?" ಎಂದು ಕೇಳಿದೆ. ನಾನು ಏನೂ ಹೇಳಲಿಲ್ಲ. ಆಗ ನನಗೆ ಯಾವುದಕ್ಕೂ ಉತ್ತರ ಹೇಳುವ ತ್ರಾಣ ಇರಲಿಲ್ಲ, ಕಾಫಿಗೆ ಸಕ್ಕರೆ ಎಷ್ಟು ಅಂದರೂ ಅಳು ಬರುತ್ತಿತ್ತು. ನೀನು ಅದನ್ನು ಹೌದು ಎಂದು ತೆಗೆದುಕೊಂಡೆ. ಹಬ್ಬಕ್ಕೆ ಅವನು ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಅವನೇ ನಮ್ಮ ಮನೆಯವರನ್ನೆಲ್ಲ ಬೇಡ ಎಂದುಕೊಂಡ ಎಂದು ನಾನು ತಿಳಿದಿದ್ದೆ. ನೀನು ಹೇಳಿದ್ದೆಂದು ನಿನ್ನ ಕಾಗದ ನೋಡಿದ ಮೇಲೆಯೇ ಗೊತ್ತಾದದ್ದು.

ನಾವಿಬ್ಬರೂ ಯಾಕೆ ಬೇರೆಯಾದೆವು ಎಂಬುದು ನಮಗೆ ಗೊತ್ತು, ಅದು ಇರಲಿ. ಆದರೆ ನಿನ್ನ ಸ್ನೇಹಿತನನ್ನು ಬಿಡು ಎಂದು ನಾನು ಹೇಳಿಲ್ಲ. ಅವನ ಜೊತೆ ಮಾತಾಡುವುದು ನಿನಗೆ ಮುಜುಗರವಾಗಿತ್ತು, ಅದಕ್ಕೆ ನನ್ನನ್ನು ಮುಂದಿಟ್ಟೆ. ಅವನ ಕಣ್ಣಿನಲ್ಲಿ ಬಾಗಿಲು ಹಾಕಿದವಳು ನಾನು. ನನ್ನ ಮಗಳ ಕಣ್ಣಿನಲ್ಲೂ ನಾನೇ ಇರಬೇಕು. ಅಣ್ಣ, ನನಗೆ ಬಹಳ ಸಿಟ್ಟು ಬಂದಿದೆ.

ಮೇ ತಿಂಗಳಲ್ಲಿ ಇಮೇಲ್ ಬಂದಾಗ ಸಂತೋಷವಾಗಿತ್ತು. ಜೀಪಿನ ನಂಬರು ನೋಡಿದಾಗ ಇನ್ನೂ ಸಂತೋಷವಾಯಿತು, ಯಾಕೆ ಎಂದು ಕೇಳಬೇಡ. ಈ ಭಾನುವಾರ ಹೇಳುತ್ತಾನೆ, ಮುಂದಿನ ಭಾನುವಾರ ಹೇಳುತ್ತಾನೆ ಎಂದು ಕಾದೆ. ನೀನು ಸಾರು ಬಡಿಸಿದೆ.

ಇವತ್ತು ಬೆಳಿಗ್ಗೆ ಪರ್ಮಿಟ್ಟು ರದ್ದು ಮಾಡಿದ್ದೇನೆ. ಇಷ್ಟು ವರ್ಷ ನನ್ನ ಹೆಸರು ಹೇಳಿಕೊಂಡು ಇಬ್ಬರೂ ದೂರ ಇದ್ದಿರಿ. ಈಗ ನನ್ನನ್ನು ನಡುವೆ ಕೂರಿಸಿಕೊಂಡು ಹತ್ತಿರವಾಗುವುದು ಬೇಡ. ಮರ್ಫಿ ಗುಡ್ಡ ಯಾರಿಗೋ ಸಿಕ್ಕಿರುತ್ತದೆ, ಅವರು ಸಂತೋಷವಾಗಿ ಹೋಗಿಬರಲಿ.

ಡ್ಯಾನ್‌ವಿಲ್‌ನಿಂದ ರೆಡ್‌ವುಡ್ ಸಿಟಿಗೆ ಒಂದು ಫ್ರೀವೇ, ಒಂದು ಸೇತುವೆ. ಶನಿವಾರ ಬೆಳಿಗ್ಗೆ ಟ್ರಾಫಿಕ್ಕೂ ಇರುವುದಿಲ್ಲ. ಅಷ್ಟು ದೂರ ಹೋಗಿ ಅವನ ಬಾಗಿಲು ತಟ್ಟಲು ಆಗದೆ ಯೂಟಾದವರೆಗೆ ಕರೆಯಲು ಹೊರಟಿದ್ದೀಯ. ಹೋಗು. ಹೋಗಿ, ರಮಾ ಕೇಳಿರಲಿಲ್ಲ ಎಂದು ಅವನಿಗೆ ಹೇಳು. ಕಾಗದ ಬರೆಯಬೇಡ, ಬಾಯಿಬಿಟ್ಟು ಹೇಳು. ಅದನ್ನು ಹೇಳುವವರೆಗೆ ನಾನು ಭಾನುವಾರ ಬರುವುದಿಲ್ಲ. ಅತ್ತಿಗೆಗೆ ನಾನೇ ಫೋನು ಮಾಡುತ್ತೇನೆ.

ರಮಾ

*

ರೆಡ್‌ವುಡ್ ಸಿಟಿ
ಅಕ್ಟೋಬರ್ 13, 2024

ರಮಾ,

ನಿನ್ನ ಅಣ್ಣ ನಿನ್ನೆ ಬಂದಿದ್ದರು. ಅದಕ್ಕೆ ಮುಂಚೆ ಎರಡು ಶನಿವಾರ ಸೇತುವೆಯವರೆಗೆ ಬಂದು ವಾಪಸು ಹೋಗಿದ್ದರಂತೆ, ಭುವನಾ ವೈನಿ ಆಮೇಲೆ ಫೋನಿನಲ್ಲಿ ಹೇಳಿದರು. ನಿನ್ನೆ ಬಾಗಿಲು ತೆಗೆದರೆ ಒಂದು ಕೈಯಲ್ಲಿ ಗೊಜ್ಜಿನ ಬಾಟಲಿ, ಇನ್ನೊಂದರಲ್ಲಿ ಚಕ್ಕುಲಿ ಡಬ್ಬಿ. ಮೊದಲ ಮಾತು, "ಗಾಡಿ ಎಲ್ಲಿ ನಿಲ್ಲಿಸ್ಲೋ? ನಿಮ್ಮ ಅಪಾರ್ಟ್‌ಮೆಂಟಲ್ಲಿ ಅತಿಥಿಗಳಿಗೂ ಪರ್ಮಿಟ್ ಬೇಕಂತೆ." ನಾನು ಅಪಾರ್ಟ್‌ಮೆಂಟಿನ ಆಫೀಸಿಗೆ ಹೋಗಿ ಕಾರ್ಡು ತಂದುಕೊಟ್ಟೆ. ಅದಕ್ಕೇ ಕಾಲು ಗಂಟೆ ಹಿಡಿಯಿತು. ಇಬ್ಬರಿಗೂ ಅದರಿಂದ ಉಪಕಾರವೇ ಆಯಿತು.

ಒಳಗೆ ಕೂತು ಟೈರಿನ ವಿಷಯ ಮಾತಾಡಿದೆವು, ಪಂಪಿನ ವಿಷಯ ಮಾತಾಡಿದೆವು. ಯೂಟಾದಲ್ಲಿ ಈ ವಾರ ಮಳೆ ಇದೆಯಾ ಎಂದು ಇಬ್ಬರೂ ಫೋನು ತೆಗೆದು ನೋಡಿದೆವು, ಇರಲಿಲ್ಲ. ಚಹಾ ಮಾಡಿದೆ. ಅವರು ಅರ್ಧ ಕುಡಿದು ಕಪ್ಪು ಕೆಳಗಿಟ್ಟರು. ಆಮೇಲೆ, "ಅವಳು ಬೇಡ ಅಂದಿರ್ಲಿಲ್ಲ ಕಣೋ" ಅಂದರು.

"ಅಂದ್ರ ಏನ್ರಿ ಭಾವ?" ಅಂದೆ. ಭಾವ ಎಂದು ಬಾಯಿಗೆ ತಾನಾಗಿ ಬಂತು.

"ರಮಾ ನಿನ್ನ ಬರಬೇಡ ಅಂತ ಹೇಳೇ ಇರ್ಲಿಲ್ಲ. ನಾನೇ ಹಾಗಂದ್ಕೊಂಡೆ, ನಿನಗೂ ಹಾಗೇ ಹೇಳ್ದೆ."

ನನಗೆ ಎದ್ದು ಬೈಯಬೇಕು ಅನ್ನಿಸಿತು. ಬೈದೆ ಕೂಡ. ನಮ್ಮ ಕಡೆಯ ಬೈಗುಳ ಅರ್ಧ ಅವರಿಗೆ ತಿಳಿಯಲಿಲ್ಲ, ಆದರೂ ಎಲ್ಲ ಕೇಳಿಸಿಕೊಂಡರು. ಆಮೇಲೆ ರೊಟ್ಟಿ ತಿಂದು, ಮಧ್ಯಾಹ್ನ ಸೋಫಾದ ಮೇಲೆ ಮಲಗಿ, ಸಂಜೆ ಹೊರಟರು. ನವೆಂಬರಿನಲ್ಲಿ ವಸಂತಕಾಲದ ಪರ್ಮಿಟ್ಟು ಬಿಡುತ್ತಾರಂತೆ. ಅವರಿಗೊಂದು ಬೇರೆ ಖಾತೆ ಮಾಡಿಕೊಟ್ಟಿದ್ದೇನೆ.

ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ನೀನು ನನ್ನನ್ನು ಆ ಮನೆಯಿಂದ ಹೊರಗೆ ಹಾಕಿಸಿದೆ ಎಂದು ಐದು ವರ್ಷ ನಂಬಿದ್ದೆ. ನಿಹಾರಿಕಾ ನಿನ್ನ ಸುದ್ದಿ ಎತ್ತಿದಾಗೆಲ್ಲ ಮಾತು ಬದಲಿಸುತ್ತಿದ್ದೆ. ಕೋವಿಡ್ ಸಮಯದಲ್ಲಿ ನೀನು ಆಸ್ಪತ್ರೆಯಲ್ಲಿ ಹಗಲು ರಾತ್ರಿ ದುಡಿಯುತ್ತಿದ್ದೀಯ ಎಂದು ಗೊತ್ತಿದ್ದೂ ಹೇಗಿದ್ದೀಯ ಎಂದು ಕೇಳಲಿಲ್ಲ. ಕೇಳಬೇಕು ಅನ್ನಿಸುತ್ತಿತ್ತು, ಫೋನು ಕೈಗೆತ್ತಿಕೊಳ್ಳುತ್ತಿದ್ದೆ, ಆಗೆಲ್ಲ ಈ ಸಿಟ್ಟು ಅಡ್ಡ ಬರುತ್ತಿತ್ತು.

ನಿನ್ನ ಮೇಲೆ ನನಗೆ ಬೇರೆ ಸಿಟ್ಟುಗಳಿವೆ, ಅವು ಹಾಗೇ ಇವೆ. ನನ್ನ ಮೇಲೆ ನಿನಗೂ ಇರುತ್ತವೆ, ಇರಲಿ. ಇದೊಂದನ್ನು ಮಾತ್ರ ಸುಮ್ಮನೆ ಹೊತ್ತುಬಿಟ್ಟೆ.

ಹೇಗಿದ್ದೀಯ?

ಕೇದಾರ